ಮಕ್ಕಳ ಹತ್ತಿರ ಆತ್ಮಹತ್ಯೆ ಬಗ್ಗೆ ಕೇಳಬಾರದು ಅನ್ನೋ ಪೋಸ್ಟರ್ ತಪ್ಪು

ಹುಬ್ಬಳ್ಳಿ-ಧಾರವಾಡದ ಕಾಲೇಜು ಗ್ರೂಪ್‌ಗಳಲ್ಲಿ ಒಂದು ಪೋಸ್ಟರ್ ಓಡಾಡ್ತಾ ಇದೆ. 'ಹದಿಹರೆಯದವರ ಮುಂದೆ ಆತ್ಮಹತ್ಯೆ ಅನ್ನೋ ಮಾತೇ ಎತ್ತಬೇಡಿ, ಕೇಳಿದರೆ ಆ ಯೋಚನೆ ತಲೆಗೆ ಬರುತ್ತೆ' ಅಂತ. ಇದು ನಿಜ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2014ರ ವರದಿಯಲ್ಲೇ ಇದನ್ನು ತಪ್ಪು ನಂಬಿಕೆ ಎಂದು ಹೇಳಿದೆ. 'ಸಾಯಬೇಕು ಅನ್ನಿಸ್ತಿದೆಯಾ?' ಅಂತ ಪ್ರೀತಿಯಿಂದ ನೇರವಾಗಿ ಕೇಳಿದರೆ ಯೋಚನೆ ಹುಟ್ಟುವುದಿಲ್ಲ, ಒಳಗೇ ಒದ್ದಾಡುತ್ತಿರುವ ಹುಡುಗನಿಗೋ ಹುಡುಗಿಗೋ ಬಾಯಿಬಿಡಲು ಜಾಗ ಸಿಗುತ್ತದೆ, ಇನ್ನೊಮ್ಮೆ ಯೋಚಿಸಲು ಸಮಯವೂ ಸಿಗುತ್ತದೆ.

ಅಪಾಯ ಇರೋದು ಬೇರೆ ಕಡೆ. ಹೇಗೆ ಸತ್ತರು, ಎಲ್ಲಿ ಸತ್ತರು ಅಂತ ವಿವರವಾಗಿ ಬರೆಯುವುದು, 'ಫೇಲ್ ಆಗಿದ್ದಕ್ಕೇ ಸತ್ತ' ಅಂತ ಒಂದೇ ಕಾರಣಕ್ಕೆ ಕಟ್ಟುವುದು. ಕಾಲೇಜು, ಆಸ್ಪತ್ರೆಗಳ ಪ್ರಚಾರದ ಕೆಲಸ ಮಾಡುವ ಪಿಆರ್ ಗೆಳೆಯರೇ, ಪೋಸ್ಟರ್ ಡಿಸೈನ್ ಮಾಡುವಾಗ ಇದನ್ನು ನೋಡಿಕೊಳ್ಳಿ, ನಿಮ್ಮ ಒಂದು ಸಾಲು ಸಾವಿರಾರು ಮನೆಗೆ ಹೋಗುತ್ತೆ ಅಲ್ವಾ.

ದಯವಿಟ್ಟು ಆ ಪೋಸ್ಟರ್ ಫಾರ್ವರ್ಡ್ ಮಾಡಬೇಡಿ. ಕಳಿಸಲೇಬೇಕು ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಕಳಿಸಿ. ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ನೇರವಾಗಿ ಡಾಕ್ಟರನ್ನು ನೋಡಬೇಕಿದ್ದರೆ ಧಾರವಾಡದಲ್ಲೇ ಡಿಮ್ಹಾನ್ಸ್ ಅನ್ನೋ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ ಇದೆ.