ಗೀರಿದ್ರೆ ಸಾಕಾ, ಮುರಿದೇ ನೋಡಬೇಕಾ?

ಪರ

ಗಾಜಿನ ಅಂಗಡಿಯವನ ಕೈಕೆಲಸ ನೋಡಿದ್ದೀರಲ್ವಾ? ಕಟ್ಟರ್‌ನಿಂದ ಕಿರ್ರ್ ಅಂತ ಒಂದು ಗೀರು, ಆಮೇಲೆ ಟಪ್. ಗೀರು ಬರೀ ಮೇಲ್ಮೈ ಸವೆತವಲ್ಲ, ಅದರ ಅಡಿಯಲ್ಲಿ ಬಿರುಕು ಹುಟ್ಟಿರುತ್ತದೆ. 2011ರಲ್ಲಿ ಅಕೊನೊ, ರೈಸ್, ಉಲ್ಮ್ ಎಂಬ ಮೂವರು ಸಂಶೋಧಕರು ಅಮೆರಿಕದ ಎಂಐಟಿಯಲ್ಲಿ ಇದೇ ಎಳೆ ಹಿಡಿದರು. ಗೀರುವ ಬಲದಿಂದಲೇ ಫ್ರ್ಯಾಕ್ಚರ್ ಟಫ್‌ನೆಸ್, ಅಂದರೆ ಬಿರುಕು ಹಬ್ಬದಂತೆ ತಡೆಯುವ ಗುಣವನ್ನು ಅಳೆಯಬಹುದು ಎಂಬುದು ಅವರ ವಾದ.

ಮಾಡುವುದು ಇಷ್ಟೇ. ವಜ್ರದ ಮೊನೆಯನ್ನು ಒತ್ತಡ ಹೆಚ್ಚಿಸುತ್ತಾ ಮೂರು ಮಿಲಿಮೀಟರಿನಷ್ಟು ಎಳೆಯುತ್ತಾರೆ, ಅಡ್ಡಬಲ ಎಷ್ಟು, ಆಳ ಎಷ್ಟು ಅಂತ ದಾಖಲಿಸುತ್ತಾರೆ. ಮೊನೆ ಶಂಕುವಿನಾಕಾರದ್ದು. ವಸ್ತು ಹಸಿ ಜೇಡಿಮಣ್ಣಿನ ಥರ ಸುಮ್ನೆ ಪಕ್ಕಕ್ಕೆ ಸರಿದರೆ, ಆಳ ಎರಡರಷ್ಟಾದಾಗ ಬಲ ನಾಲ್ಕರಷ್ಟಾಗಬೇಕು. ಬಿರುಕು ಬಿಟ್ಟು ಚಕ್ಕೆ ಏಳುತ್ತಿದ್ದರೆ ಸುಮಾರು 2.8ರಷ್ಟು ಮಾತ್ರ. ಒಳಗೆ ಏನು ನಡೆಯಿತು ಅಂತ ಅಂಕಿಯೇ ಬಾಯಿಬಿಡುತ್ತದೆ!

ಹಳೆಯ ದಾರಿಯಲ್ಲಿ, ಅಂದರೆ ಬಿರುಕಿಟ್ಟ ತುಂಡನ್ನು ಮುರಿದು ಟಫ್‌ನೆಸ್ ಅಳೆಯುವ ಎಎಸ್‌ಟಿಎಂ ಇ399 ಎಂಬ ಮಾನದಂಡದಲ್ಲಿ, ಗಟ್ಟಿ ಉಕ್ಕಿನ ಲೆಕ್ಕ ಹಾಕಿ ನೋಡಿ. ಟಫ್‌ನೆಸ್ 150 ಎಂಪಿಎ ರೂಟ್ ಮೀಟರ್ (ಅದನ್ನು ಅಳೆಯುವ ಮಾನ), ಯೀಲ್ಡ್ ಸ್ಟ್ರೆಂಗ್ತ್, ಅಂದರೆ ಉಕ್ಕು ಶಾಶ್ವತವಾಗಿ ಬಾಗತೊಡಗುವ ಒತ್ತಡ, 500 ಎಂಪಿಎ ಇದ್ದರೆ, ತುಂಡಿನ ದಪ್ಪವೇ ಇಪ್ಪತ್ತೆರಡು ಸೆಂಟಿಮೀಟರ್ ದಾಟುತ್ತದೆ. ಬೆಸುಗೆಯ ಪಕ್ಕದ ಸಣ್ಣ ಪಟ್ಟಿ, ಮೂಳೆಯ ಚೂರು, ಆಳದಿಂದ ತೆಗೆದ ಶೇಲ್ ಕಲ್ಲು, ಇವುಗಳಿಂದ ಅಷ್ಟು ದೊಡ್ಡ ತುಂಡು ಎಲ್ಲಿ ಸಿಗುತ್ತೆ ಹೇಳಿ?

ವಿರೋಧ

ಗಾಜಿನ ಅಂಗಡಿಯವನ ಮಾತು ಚೆನ್ನಾಗಿದೆ, ಆದರೆ ಅವನು ಗೀರಿದ ಮೇಲೆ ಬಗ್ಗಿಸಿಯೇ ಮುರಿಯುತ್ತಾನೆ. ಗೀರು ದಾರಿ ತೋರಿಸಿತು, ಅಷ್ಟೇ.

ಆ 2.8ರ ಲೆಕ್ಕ ಶಂಕುವಿಗೆ ಮಾತ್ರ ಹೊಂದುತ್ತದೆ. ಸಾಮಾನ್ಯವಾಗಿ ಬಳಸುವ, ರಾಕ್‌ವೆಲ್ ಎಂಬ ವಜ್ರದ ಮೊನೆಯ ತುದಿ ಉರುಟು, ತ್ರಿಜ್ಯ 200 ಮೈಕ್ರಾನ್. ಆಳ ಸುಮಾರು 27 ಮೈಕ್ರಾನ್ ದಾಟುವವರೆಗೆ ಶಂಕುವಿನ ಭಾಗ ವಸ್ತುವನ್ನು ಮುಟ್ಟುವುದೇ ಇಲ್ಲ. ಗಟ್ಟಿ ವಸ್ತುವಿನಲ್ಲಿ ಅಷ್ಟು ಆಳಕ್ಕೆ ಇಳಿಯುವುದೇ ಕಷ್ಟ, ಹಾಗಾಗಿ ಗುಣ ಗೊತ್ತಿರುವ ಬೇರೊಂದು ವಸ್ತುವನ್ನು ಗೀರಿ ಮೊನೆಯನ್ನು ಕ್ಯಾಲಿಬ್ರೇಟ್ ಮಾಡಬೇಕು, ಮೇಲಿಂದ ಘರ್ಷಣೆ ಬೇರೆ. ಉಕ್ಕಿನಲ್ಲಿ ಆದದ್ದು ಬಿರುಕೋ, ಅಥವಾ ನೇಗಿಲ ಸಾಲಿನಂತೆ ಬರೀ ಪಕ್ಕಕ್ಕೆ ಸರಿದ ಉಳುಮೆಯೋ? ನನಗಂತೂ ಅನುಮಾನ.

ಕಾಂಕ್ರೀಟಿಗೆ ಬನ್ನಿ. ಇಪ್ಪತ್ತು ಎಂಎಂ ಜಲ್ಲಿ ಹಾಕಿದ ಸ್ಲ್ಯಾಬ್ ಮೇಲೆ ಮೂರು ಎಂಎಂ ಗೀರು ಎಳೆದರೆ ಒಂದೇ ಜಲ್ಲಿಕಲ್ಲಿನ ಮೇಲೇ ಮುಗಿದುಹೋಗಬಹುದು. ಬಿರುಕು ಜಲ್ಲಿಯನ್ನು ಸುತ್ತಿಕೊಂಡು ಹೋಗುವುದರಿಂದ ಬರುವ ತಾಳಿಕೆ ಅಲ್ಲಿ ಕಾಣುವುದೇ ಇಲ್ಲ.

ಇಂಥದ್ದು ಹಿಂದೆಯೂ ಆಗಿದೆ. ಸೆರಾಮಿಕ್‌ಗೆ ವಿಕರ್ಸ್ ಎಂಬ ಪಿರಮಿಡ್ ಆಕಾರದ ವಜ್ರದ ಮೊನೆ ಒತ್ತಿ, ಗುರುತಿನ ಮೂಲೆಯಿಂದ ಹೊರಟ ಬಿರುಕಿನ ಉದ್ದದಿಂದ ಟಫ್‌ನೆಸ್ ಹೇಳುವ ಚಾಳಿ ದಶಕಗಟ್ಟಲೆ ನಡೆಯಿತು. ಕ್ವಿನ್, ಬ್ರಾಡ್ಟ್ ಎಂಬ ಇಬ್ಬರು ಸಂಶೋಧಕರು 2007ರಲ್ಲಿ ಅದು ನಂಬುವಂಥದ್ದಲ್ಲ ಎಂದು ಖಡಾಖಂಡಿತವಾಗಿ ಬರೆದರು. ಒಂದೇ ಸಿಮೆಂಟಿನ ಎರಡು ಬ್ಯಾಚನ್ನು ಹೋಲಿಸಲು ಗೀರಿಕೊಳ್ಳಿ, ಬೇಡ ಅನ್ನಲ್ಲ. ಆ ಅಂಕಿ ಹಿಡಿದು ಸೇತುವೆಯ ತೊಲೆ ಡಿಸೈನ್ ಮಾಡಲು ಹೊರಟರೆ ಮಾತ್ರ ನಾನು ಸಹಿ ಹಾಕಲ್ಲ.