‘ಮೂರು ವರ್ಷ ಪರವಾನಗಿಯೇ ಬೇಡ’: ಹರಿದಾಡುತ್ತಿರುವ ಸಂದೇಶಕ್ಕೆ ಸ್ಪಷ್ಟನೆ

‘ಶಿವಮೊಗ್ಗದಲ್ಲಿ ಕಾರ್ಖಾನೆ ಹಾಕುವವರಿಗೆ ಮೂರು ವರ್ಷ ಯಾವ ಪರವಾನಗಿಯೂ ಬೇಡ, ಒಂದು ಅಫಿಡವಿಟ್ ಸಾಕು’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ಪೂರ್ತಿ ಸುಳ್ಳಲ್ಲ, ಅದೇ ತೊಂದರೆ.

ಕರ್ನಾಟಕದ 2002ರ ಕೈಗಾರಿಕೆಗಳ ಸೌಲಭ್ಯ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಬಂದದ್ದು ನಿಜ. ಮೊದಲು ಏಕಗವಾಕ್ಷಿ ಸಮಿತಿ (ಕೈಗಾರಿಕಾ ಯೋಜನೆಗಳನ್ನು ಒಂದೇ ಕಡೆ ಪರಿಶೀಲಿಸುವ ಸಮಿತಿ) ಯೋಜನೆಯನ್ನು ಒಪ್ಪಬೇಕು. ಆಮೇಲೆ ಅಫಿಡವಿಟ್ ಕೊಟ್ಟು ಕಟ್ಟಡದ ಕೆಲಸ ಶುರು ಮಾಡಬಹುದು. ಆದರೆ ರಾಜ್ಯದ ಅನುಮತಿಗಳು ಮನ್ನಾ ಆಗುವುದಿಲ್ಲ. ಮೂರು ವರ್ಷದೊಳಗೆ, ಉತ್ಪಾದನೆಗೆ ಮುನ್ನ ಪಡೆಯಲೇಬೇಕು. ಸಂದೇಶ ಬರೆದವರು ಈ ಸಾಲನ್ನೇ ನುಂಗಿದ್ದಾರೆ.

ಮಲೆನಾಡಿನವರು ಇನ್ನೂ ಒಂದು ಮಾತು ಗಮನಿಸಬೇಕು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಕೇಂದ್ರದ್ದು. ರಾಜ್ಯದ ರಿಯಾಯಿತಿ ಅದಕ್ಕೆ ತಾಗುವುದಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ‘ನಮ್ಮದೇ ಸೊಪ್ಪಿನಬೆಟ್ಟವಲ್ಲವೇ, ಅಲ್ಲೇ ಅಡಿಕೆ ಸಂಸ್ಕರಣೆಯ ಶೆಡ್ ಹಾಕೋಣ’ ಎನ್ನುವವರಿದ್ದಾರೆ. ಸೊಪ್ಪಿನಬೆಟ್ಟವೆಂದರೆ ಕಾಡಿನಿಂದ ಅಡಿಕೆ ತೋಟಕ್ಕೆ ಸೊಪ್ಪು, ದರಕು (ಒಣ ಎಲೆ) ತರಲು ಸಿಕ್ಕ ಸವಲತ್ತು ಮಾತ್ರ. ಅಫಿಡವಿಟ್ ಎಷ್ಟು ದಪ್ಪವಿದ್ದರೂ ಅದು ಕೈಗಾರಿಕಾ ನಿವೇಶನವಾಗದು.

15 ಕೋಟಿ ರೂಪಾಯಿವರೆಗಿನ ಯೋಜನೆಗಳನ್ನು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಏಕಗವಾಕ್ಷಿ ಸಮಿತಿಯೇ ನೋಡುತ್ತದೆ. ಅದಕ್ಕಾಗಿ ಬೆಂಗಳೂರಿನ ಬಸ್ ಹತ್ತಬೇಕಿಲ್ಲ. ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿದರಾಯಿತು.