17 ವರ್ಷ ಆದ್ಮೇಲೆ ಹೆಣ ಎದ್ದು ಬಂತು. ಬರಬೇಕಿತ್ತಾ?

ಲಿವರ್‌ಪೂಲ್‌ನ ಡೆತ್ ಮೆಟಲ್ (ಗರ್ಜಿಸುತ್ತಾ ಹಾಡುವ ಬಿರುಸಿನ ರಾಕ್) ಬ್ಯಾಂಡ್ ಕಾರ್ಕಸ್ (ಹೆಸರಿನ ಅರ್ಥವೇ ಹೆಣ) 1996ರಲ್ಲಿ ‘ಸ್ವಾನ್‌ಸಾಂಗ್’ ಆಲ್ಬಮ್ ಹೊರಬರುವ ಹೊತ್ತಿಗೆ ಒಡೆದು ಹೋಗಿತ್ತು. ಮುಂದಿನ ಆಲ್ಬಮ್ ‘ಸರ್ಜಿಕಲ್ ಸ್ಟೀಲ್’ ಬಂದಿದ್ದು 2013ರಲ್ಲಿ. ಅದು ಬೇಕಿತ್ತಾ ಅಂತ ಇಬ್ಬರನ್ನು ಕೇಳಿದೆವು.

ಪರ: ಬೇಕಿತ್ತು, ಇನ್ನೂ ಬೇಗ ಬರಬೇಕಿತ್ತು

ಮೊದಲೇ ಹೇಳಿಬಿಡ್ತೀನಿ, ನಾನು ಪೀಣ್ಯದಲ್ಲಿ ಲೇತ್ ಓಡಿಸುವವನು. ಒಂದು ಡೆತ್ ಮೆಟಲ್ ಹಾಡಿಗೆ ‘316ಎಲ್ ಗ್ರೇಡ್ ಸರ್ಜಿಕಲ್ ಸ್ಟೀಲ್’ ಅಂತ ಹೆಸರಿಟ್ಟರೆ ನಾನು ಯಾರ ಕಡೆ ಅಂತ ಕೇಳೋದೇ ಬೇಡ. ಇನ್ನೊಂದು ಹಾಡಿನ ಹೆಸರಲ್ಲಂತೂ ‘ಎಎಸ್‌ಟಿಎಂ ಎಫ್899-12’ ಅನ್ನೋ, ಸ್ಟೀಲಿನ ಗುಣಮಟ್ಟದ ಸ್ಟ್ಯಾಂಡರ್ಡ್ ನಂಬರೇ ಇದೆ. ನಮ್ಮ ಡ್ರಾಯಿಂಗ್ ಶೀಟಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತಲ್ಲ, ಆ ಥರದ್ದು. ಸೈತಾನನ ಮೇಲೆ ಎಲ್ಲರೂ ಬರೀತಾರೆ. ಸ್ಪೆಸಿಫಿಕೇಶನ್ ಮೇಲೆ ಯಾರು ಬರೀತಾರೆ?

ಆಲ್ಬಮ್ ಬಂದ ವರ್ಷ ನಮಗೆ ಇದೇ ಸ್ಟೇನ್‌ಲೆಸ್ ಸ್ಟೀಲ್ 316ಎಲ್‌ನ ಒಂದು ದೊಡ್ಡ ಆರ್ಡರ್ ಬಂದಿತ್ತು, ಯಾವುದೋ ಆಸ್ಪತ್ರೆ ಸಾಮಾನಿನ ಹಿಡಿಕೆಗಳು. ಈ ಸ್ಟೀಲ್ ಹತ್ರ ಕೆಲಸ ಮಾಡಿದವರಿಗೆ ಗೊತ್ತು, ಅದು ಮಹಾ ಹಠಮಾರಿ. ಕತ್ತರಿಸಿದ ಚೂರು, ಅಂದ್ರೆ ಚಿಪ್, ತುಂಡಾಗಿ ಬೀಳಲ್ಲ, ಉದ್ದಕ್ಕೆ ದಾರದ ಹಾಗೆ ಬಂದು ತಿರುಗ್ತಿರೋ ತುಂಡಿಗೇ ಸುತ್ತಿಕೊಳ್ಳುತ್ತೆ. ಹೆದರಿಕೊಂಡು ಫೀಡ್ (ಟೂಲ್ ಮುಂದೆ ಸರಿಯೋ ವೇಗ) ಕಮ್ಮಿ ಮಾಡಿದಿರೋ, ಟೂಲ್ ಕತ್ತರಿಸೋದು ಬಿಟ್ಟು ಸುಮ್ನೆ ಉಜ್ಜೋಕೆ ಶುರು ಮಾಡುತ್ತೆ. ಉಜ್ಜಿದ ಜಾಗ ಕಲ್ಲಿನ ಹಾಗೆ ಗಟ್ಟಿಯಾಗುತ್ತೆ, ಮುಂದಿನ ಕಟ್‌ನಲ್ಲಿ ಇನ್ಸರ್ಟ್ (ಟೂಲ್‌ಗೆ ಕೂರಿಸೋ ಕತ್ತರಿಸುವ ಬಿಲ್ಲೆ) ತುದಿ ಹೋಯ್ತು ಅಂತಲೇ ಲೆಕ್ಕ. ಮೊದಲನೇ ವಾರ ಎಷ್ಟು ಇನ್ಸರ್ಟ್ ಹಾಳು ಮಾಡಿದೆ ಅಂದ್ರೆ, ಸ್ಟೋರ್ ಹುಡುಗ ನನ್ನ ಮುಖ ಕಂಡರೆ ಬೀರುವಿಗೆ ಬೀಗ ಹಾಕ್ತಿದ್ದ. ಕೊನೆಗೆ ನಮ್ಮ ಫೋರ್‌ಮನ್ ಬಂದು, ಧೈರ್ಯವಾಗಿ ಆಳಕ್ಕೆ ಇಳಿಸೋ, ನಿಲ್ಲಿಸಬೇಡ ಅಂದ್ರು. ಆ ವಾರದ ನೈಟ್ ಶಿಫ್ಟ್‌ನಲ್ಲೇ ಗೆಳೆಯ ಕಳಿಸಿದ ಈ ಆಲ್ಬಮ್ ಮೊದಲ ಸಲ ಕೇಳಿದ್ದು, ಟೀ ಬ್ರೇಕ್‌ನಲ್ಲಿ, ಕಂಪ್ರೆಸರ್ ಪಕ್ಕ ಕೂತು.

ಹಿಂದೆ ಇವರದೇ ಹಳೇ ಆಲ್ಬಮ್ ‘ಹಾರ್ಟ್‌ವರ್ಕ್’ ಕೇಳಿದ್ದೆ, ಹಾಸ್ಟೆಲ್‌ನಲ್ಲಿ, ಯಾರೋ ಬರೆದುಕೊಟ್ಟ ಸಿಡಿಯಲ್ಲಿ. ಅದೇ ಕೈ ಅಂತ ಮೂರನೇ ನಿಮಿಷಕ್ಕೆ ಗೊತ್ತಾಯ್ತು. ಬಿಲ್ ಸ್ಟೀರ್ ಗಿಟಾರ್ ಭಾರವನ್ನೆಲ್ಲ ಒಬ್ಬನೇ ಹೊತ್ತಿದ್ದಾನೆ. ಹಳೇ ಜೊತೆಗಾರ ಮೈಕಲ್ ಅಮಾಟ್ ಇಲ್ಲ, ಇಲ್ಲ ಅನ್ನಿಸೋದೂ ಇಲ್ಲ. ಹಾಡೋ ಜೆಫ್ ವಾಕರ್ ಗಂಟಲು ಅದೇ ಹಳೇ ಗರಗಸ. ಡ್ರಮ್ಸ್‌ನಲ್ಲಿ ಇಪ್ಪತ್ತು ಚಿಲ್ಲರೆ ವಯಸ್ಸಿನ ಡ್ಯಾನ್ ವೈಲ್ಡಿಂಗ್, ಮುದುಕರನ್ನ ಹಿಂದಿನಿಂದ ತಳ್ಳಿಕೊಂಡು ಹೋಗ್ತಾನೆ. ‘ಥ್ರಾಶರ್ಸ್ ಅಬಟಾಯರ್’ ಅನ್ನೋ ಹಾಡು ಎರಡು ನಿಮಿಷಕ್ಕೂ ಮುಂಚೆ ಮುಗಿಯುತ್ತೆ. ಹೆದರಿಕೊಂಡು ಉಜ್ಜೋ ಕೆಲಸ ಎಲ್ಲೂ ಇಲ್ಲ.

ಕೈ ಮರೆತಿಲ್ಲ ಅಂದಮೇಲೆ ಯಾಕೆ ಮಾಡಬಾರದು? ಇಷ್ಟೇ ನನ್ನ ವಾದ. ಕೈ ಮರೆತಿಲ್ಲ. ಹಳೇ ಡ್ರಮ್ಮರ್ ಕೆನ್ ಓವನ್ ಇಲ್ಲದೆ ಅದು ಕಾರ್ಕಸ್ ಅಲ್ಲ ಅಂತ ಕೆಲವರು ರಾಗ ಎಳೀತಾರೆ. ಅವನೇ ಬಂದು ಹಿನ್ನೆಲೆಯಲ್ಲಿ ದನಿ ಕೊಟ್ಟಿದ್ದಾನೆ ಸ್ವಾಮಿ, ಅವನಿಗಿಲ್ಲದ ಬೇಜಾರು ನಿಮಗ್ಯಾಕೆ? ಇವರೆಲ್ಲ ಹೋಟೆಲ್ ಓನರ್ ಬದಲಾದ ಅಂತ ಕೇಳಿದ ತಕ್ಷಣ, ತಿನ್ನೋಕೂ ಮುಂಚೆ, ದೋಸೆ ಮೊದಲಿನ ಹಾಗಿಲ್ಲ ಅನ್ನೋ ಜಾತಿ. ಅವರ ಮಾತಿಗೆ ಜಾಸ್ತಿ ಜಾಗ ಕೊಡಲ್ಲ.

ಅಂದಹಾಗೆ, ಆ ಹಿಡಿಕೆ ಆರ್ಡರ್ ಟೈಮಿಗೆ ಕೊಟ್ವಿ. ರಿಜೆಕ್ಷನ್ ಬಂದಿದ್ದು ನಾಲ್ಕೇ ಪೀಸ್.

ವಿರೋಧ: ಸರಿ, ಬೇಡವಿತ್ತು ಅನ್ನೋಣ

ಈ ಕಡೆ ಬರೆಯೋರು ಯಾರೂ ಸಿಗಲಿಲ್ಲವಂತೆ, ಅದಕ್ಕೆ ನನಗೆ ಅಂಟಿಸಿದ್ದಾರೆ. ‘ಸರ್ಜಿಕಲ್ ಸ್ಟೀಲ್’ ಸಿಡಿ ನನ್ನ ಹತ್ರಾನೂ ಇದೆ, ಕವರ್ ಸಮೇತ. ಆದರೂ ಒಪ್ಪಿಕೊಂಡಿದ್ದೇನೆ, ಬರೀತೀನಿ.

ಆ ಕವರ್‌ನಿಂದಲೇ ಶುರು ಮಾಡೋಣ. ಆಪರೇಷನ್ ಸಾಮಾನುಗಳನ್ನ ಚಕ್ರದ ಹಾಗೆ ಜೋಡಿಸಿಟ್ಟಿದ್ದಾರೆ. ನೋಡೋಕೆ ಚೆಂದ. ಆದರೆ ಇವರದೇ 1992ರ ಸಣ್ಣ ರೆಕಾರ್ಡ್ ‘ಟೂಲ್ಸ್ ಆಫ್ ದಿ ಟ್ರೇಡ್’ನ ಕವರ್ ತೆಗೆದು ನೋಡಿ, ಅಲ್ಲೂ ಸಾಮಾನೇ. ಆಲ್ಬಮ್ ಶುರುವಾಗೋದು ‘1985’ ಅನ್ನೋ ತುಣುಕಿನಿಂದ, ಅದು ಬ್ಯಾಂಡ್ ಹುಟ್ಟಿದ ವರ್ಷ. ಹೀಗೆ ತಮ್ಮ ಫೋಟೋ ಆಲ್ಬಮ್ ತಾವೇ ತಿರುವಿ ಹಾಕೋ ಬ್ಯಾಂಡ್ ಆಗಿರಲಿಲ್ಲ ಕಾರ್ಕಸ್. 1988ರಲ್ಲಿ ಕೊಳೆತ ಕೆಸರಿನಂಥ ಸದ್ದು, 1991ರಲ್ಲಿ ಲೆಕ್ಕದ ಪುಸ್ತಕದ ಹಾಗೆ ಗೋಜಲು, 1993ರ ‘ಹಾರ್ಟ್‌ವರ್ಕ್’ನಲ್ಲಿ ರಾಗ, 1996ರಲ್ಲಿ ರಾಕ್ ಎಂಡ್ ರೋಲ್. ಪ್ರತಿ ಸಲ ಹಳೇ ಅಭಿಮಾನಿಗಳಲ್ಲಿ ಯಾರಿಗಾದರೂ ಸಿಟ್ಟು ಬರ್ತಿತ್ತು. ಈ ಸಲ ಯಾರಿಗೂ ಸಿಟ್ಟು ಬರಲಿಲ್ಲ. ಅದೇ ನನ್ನ ತಕರಾರು. ಕೈ ಮರೆತಿಲ್ಲ, ಒಪ್ಪಿದೆ. ಅದೇ ಹಳೇ ಕೈ ಬೇಕು ಅಂದ್ರೆ ಮೊಬೈಲ್‌ನಲ್ಲಿ ಹಳೇ ಹಾಡು ಹಾಕಿ ಕೇಳಿದ್ರೆ ಸಾಕಲ್ವಾ?

ಇನ್ನು ಕೆನ್ ಓವನ್. 1999ರಲ್ಲಿ ಅವನಿಗೆ ಮೆದುಳಿನಲ್ಲಿ ರಕ್ತಸ್ರಾವ ಆಯ್ತು, ತಿಂಗಳುಗಟ್ಟಲೆ ಕೋಮಾದಲ್ಲಿದ್ದ. ಮತ್ತೆ ಮೊದಲಿನ ಹಾಗೆ ಬಾರಿಸೋಕೆ ಆಗಲಿಲ್ಲ. ಸ್ಟೀರ್ ಜೊತೆ ಸೇರಿ ಬ್ಯಾಂಡ್ ಕಟ್ಟಿದವನೇ ಅವನು.

ಇದನ್ನ ಬರೆಯುವಾಗ ನಮ್ಮದೇ ಬ್ಯಾಂಡ್ ನೆನಪಾಯ್ತು. ಬ್ಯಾಂಡ್ ಅಂದ್ರೆ ದೊಡ್ಡ ಮಾತು, ಮೈಸೂರಿನಲ್ಲಿ ಓದುವಾಗ ನಾಲ್ಕು ಜನ ಸೇರಿ ಕಾಲೇಜ್ ಡೇಗೆ ಗಲಾಟೆ ಮಾಡ್ತಿದ್ವಿ. ಐದಾರು ವರ್ಷದ ಹಿಂದೆ ಮತ್ತೆ ಸೇರಿದ್ವಿ. ಡ್ರಮ್ಸ್ ಬಾರಿಸ್ತಿದ್ದವನಿಗೆ ಭುಜದ ಆಪರೇಷನ್ ಆಗಿತ್ತು. ಪರವಾಗಿಲ್ಲ ಕಣ್ರೋ, ನನ್ನ ಅಣ್ಣನ ಮಗ ಬಾರಿಸ್ತಾನೆ ಅಂತ ಅವನೇ ಕರ್ಕೊಂಡು ಬಂದ. ಹುಡುಗ ನಮ್ಮೆಲ್ಲರಿಗಿಂತ ಚೆನ್ನಾಗಿ ಬಾರಿಸಿದ. ಇವನು ಮುಂದಿನ ಸಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದ. ಎರಡನೇ ಹಾಡಿನಲ್ಲಿ ನಾನು ಹಳೇ ಅಭ್ಯಾಸಕ್ಕೆ ಹಿಂದೆ ತಿರುಗಿ ಹುಬ್ಬು ಹಾರಿಸಿದೆ, ಇಲ್ಲಿ ನಿಲ್ಲಿಸೋಣ ಅಂತ. ಹುಡುಗನಿಗೆ ಅದು ಗೊತ್ತೇ ಇಲ್ಲ, ಅವನು ಪಾಪ ಬಾರಿಸ್ತಾನೇ ಇದ್ದ. ಮುಂದೆ ನೋಡಿದ್ರೆ, ಇವನ ಎಡಗೈ ಕುರ್ಚಿ ತೋಳಿನ ಮೇಲೆ ಸರಿಯಾಗಿ ಆ ಜಾಗಕ್ಕೆ ನಿಂತಿತ್ತು. ಆಮೇಲೆ ಊಟಕ್ಕೆ ಹೋದ್ವಿ, ಹೋಳಿಗೆ ಚೆನ್ನಾಗಿತ್ತು, ಯಾರೂ ಆ ಮಾತು ಎತ್ತಲಿಲ್ಲ. ಇನ್ನೊಂದು ಸಲ ಸೇರೋಣ ಅಂತ ವಾಟ್ಸಾಪ್ ಗ್ರೂಪ್‌ನಲ್ಲಿ ಆಗಾಗ ಮೆಸೇಜ್ ಬರುತ್ತೆ. ನಾನು ನೋಡಿ ಸುಮ್ನಿರ್ತೀನಿ.

ಕಾರ್ಕಸ್ ಸುಮ್ನಿರಲಿಲ್ಲ. 2021ರಲ್ಲಿ ‘ಟಾರ್ನ್ ಆರ್ಟರೀಸ್’ ಅಂತ ಇನ್ನೊಂದು ಆಲ್ಬಮ್ ತಂದರು. ಆ ಹೆಸರು ಓವನ್ ಹುಡುಗನಾಗಿದ್ದಾಗ ಮಾಡಿದ ಡೆಮೊದ್ದು. ಕವರ್ ಮೇಲೆ ತರಕಾರಿ ಜೋಡಿಸಿ ಮಾಡಿದ ಹೃದಯ. ಅದು ನನಗೆ ಇದಕ್ಕಿಂತ ಇಷ್ಟ. ಆದರೆ ‘ಸರ್ಜಿಕಲ್ ಸ್ಟೀಲ್’ ಬರದೇ ಇದ್ದಿದ್ರೆ ಅದೂ ಬರ್ತಿರಲಿಲ್ಲ ಅಂತ ನನ್ನ ಹೆಂಡತಿ ಹೇಳ್ತಿದ್ದಾಳೆ. ಅವಳು ಪರ ಕಡೆ ಬರೀಬೇಕಿತ್ತು.